ಲಿಫ್ಟ್ ಕೋಣೆಯ ಬೀಗದಕೈ

ಬೇರೆ ಹೆಂಗಸರು ಟಿ. ನಗರಕ್ಕೆ ಹೋಗಿ ಸೀರೆಯ ಸೆರಗು ತಿರುವಿ ನೋಡುತ್ತಾರೆ. ನಾನು ರಿಚ್ಚಿ ಸ್ಟ್ರೀಟಿನ ಗುಜರಿ ಅಂಗಡಿಗಳಲ್ಲಿ ಹಳೆಯ ಚಿಪ್‌ಗಳನ್ನು ತಿರುವಿ ನೋಡುತ್ತೇನೆ. ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೆಂಟು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದವಳಿಗೆ ಅಂಟಿಕೊಂಡ ಹುಚ್ಚು ಇದು. ಮೈಕ್ರೋಪ್ರೊಸೆಸರ್ ಎಂದರೆ ಯಂತ್ರದ ಮಿದುಳು. ನನಗೆ ಬೇಕಾದದ್ದು ಆ ಮಿದುಳುಗಳ ಮೊದಲ ತಲೆಮಾರು, ಪಿಂಗಾಣಿಯ ಮೈ ಮತ್ತು ಚಿನ್ನದ ನೀರು ಕೊಟ್ಟ ಕಾಲುಗಳಿರುವಂಥವು. ಬೆನ್ನ ಮೇಲಿನ ನಾಲ್ಕು ಅಂಕಿ ಓದಿದರೆ ಹುಟ್ಟಿದ ವರ್ಷವೂ ವಾರವೂ ತಿಳಿಯುತ್ತದೆ. ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದಾಗ ಹತ್ತಿ ಕಪ್ಪಾದರೆ ಅದು ಬಣ್ಣ ಬಳಿದ ಕಳ್ಳಮಾಲು. ಅಂಗಡಿಯವರು ನನ್ನನ್ನು ಕಂಡರೆ ಹತ್ತಿ ಟೀಚರ್ ಬಂದರು ಎಂದು ನಗುತ್ತಾರೆ. ನನ್ನ ಗಂಡನದು ಇನ್ನೊಂದು ಕೀಟಲೆ: "ಮನೇಲಿ ಇನ್ನೂರು ಮಿದುಳು ಇಟ್ಕೊಂಡಿದೀಯ, ಒಂದನ್ನಾದ್ರೂ ಉಪಯೋಗಿಸು." ಆ ಮಾತಿಗೆ ನಾನೂ ನಗುತ್ತಿದ್ದೆ. ಈಗ ಅವರೂ ಅದನ್ನು ಹೇಳುವುದಿಲ್ಲ.

ಬೆಸೆಂಟ್ ನಗರದಲ್ಲಿ ನಾವಿರುವುದು ನಾಲ್ಕು ಮಹಡಿಯ ಹಳೆಯ ಕಟ್ಟಡ. ಸಮುದ್ರ ಎರಡು ಬೀದಿಯಾಚೆ. ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ, ನಾವು ಬಣ್ಣ ಬಳಿಯುತ್ತೇವೆ, ಅದು ಮತ್ತೆ ತಿನ್ನುತ್ತದೆ. ನಮ್ಮದು ಎರಡನೆಯ ಮಹಡಿ. ನಾಲ್ಕನೆಯದರಲ್ಲಿ ಮಗಳು ಅಳಿಯನ ಜೊತೆ ಒಬ್ಬ ಮಾಮಿ ಇದ್ದಾರೆ, ಉಡುಪಿಯ ಕಡೆಯವರು, ಎಂಬತ್ತು ದಾಟಿದವರು. ಗಂಡ ಕೋಡಂಬಾಕ್ಕಂನಲ್ಲಿ ಹೋಟೆಲು ನಡೆಸುತ್ತಿದ್ದಾಗ ಅದರ ಅಡುಗೆಮನೆ ಇವರದು. ಮಂಡಿ ಹೋಗಿದೆ, ಮೆಟ್ಟಿಲು ಆಗುವುದಿಲ್ಲ. ಆದರೂ ಸಂಜೆ ಐದಾದರೆ ಸಾಕು, ಕೋಲು ಹಿಡಿದು ಲಿಫ್ಟಿನಲ್ಲಿಳಿದು ಬೀಚಿಗೆ ಹೋಗಿ ಕೂರುತ್ತಿದ್ದರು. ಬಿಸಿಲು ಇಳಿಯಲಿ ಮಾಮಿ ಎಂದರೆ, "ಐವತ್ತು ವರ್ಷ ಒಲೆ ಬುಡದಲ್ಲಿ ಬೆಂದವಳಿಗೆ ಈ ಬಿಸಿಲು ಎಂತ ಮಾಡ್ತದೆ ಮಾರಾಯ್ತಿ? ಗಾಳಿ ತಿನ್ಲಿಕ್ಕೆ ಬಿಡು ನನ್ನ" ಎನ್ನುತ್ತಿದ್ದರು. ದಿನವೆಲ್ಲ ಅವರು ಕಾಯುತ್ತಿದ್ದದ್ದು ಆ ಒಂದು ಗಂಟೆಗೆ. ತಾರಸಿಗೆ ಹತ್ತಿರವೆಂದು ಲಿಫ್ಟ್ ಕೋಣೆಯ ಬೀಗದಕೈ ಅವರ ಮನೆಯ ಮೊಳೆಯಲ್ಲೇ ತೂಗುತ್ತಿತ್ತು.

ಬೇಸಗೆ ಶುರುವಾದಾಗ ಸಂಡಿಗೆ ಒಣಹಾಕಲು ತಾರಸಿಗೆ ಹೋದೆ. ಮೆಕ್ಯಾನಿಕ್ ಲಿಫ್ಟ್ ಕೋಣೆಯಲ್ಲಿ ಎಣ್ಣೆ ಹಾಕುತ್ತಿದ್ದ. ಇಣುಕಿದೆ. ಸೆಕೆಗೆ ಬೆಂದುಹೋಗುತ್ತದೆಂದು ಕಂಟ್ರೋಲ್ ಪೆಟ್ಟಿಗೆಯ ಬಾಗಿಲನ್ನೇ ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಒಳಗಿನ ಬೋರ್ಡಿನ ನಡುವೆ ಬೂದುನೇರಳೆ ಬಣ್ಣದ ಪಿಂಗಾಣಿ ಚಿಪ್ ಒಂದು ಕೂತಿತ್ತು. ನಲವತ್ತು ಕಾಲು, ನೆತ್ತಿಯ ಮೇಲೆ ಮಾಸಿದ ಬಿಳಿ ಸ್ಟಿಕ್ಕರ್. ಹತ್ತು ವರ್ಷದಿಂದ ಹುಡುಕುತ್ತಿದ್ದ ಜಾತಿ ನಾನು ದಿನಾ ಹತ್ತಿಳಿಯುವ ಲಿಫ್ಟಿನ ಮೇಲೆಯೇ ಇತ್ತು.

ಈ ಜಾತಿಯ ನೆತ್ತಿಯಲ್ಲಿ ದುಂಡನೆಯ ಗಾಜಿನ ಕಿಟಕಿ ಇರುತ್ತದೆ. ಒಳಗೆ ಬರೆದ ಪ್ರೋಗ್ರಾಂ ಅಳಿಸಬೇಕಾದರೆ ಅದರ ಮೂಲಕ ಅಲ್ಟ್ರಾವಯಲೆಟ್ ಬೆಳಕು ಬಿಡಬೇಕು. ನೇರ ಬಿಸಿಲೂ ನಿಧಾನವಾಗಿ ಅದೇ ಕೆಲಸ ಮಾಡುತ್ತದೆ. ಅದಕ್ಕೇ ಕಿಟಕಿಯ ಮೇಲೆ ಸ್ಟಿಕ್ಕರ್. ಇದನ್ನು ನಾನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಪರೀಕ್ಷೆಯಲ್ಲಿ ಕೇಳಿ, ತಪ್ಪು ಬರೆದವರನ್ನು ಗದರಿದ್ದೇನೆ.

ಆದರೆ ಅಂಕಿಗಳಲ್ಲಿ ಅರ್ಧ ಸ್ಟಿಕ್ಕರಿನ ಅಡಿಯಲ್ಲಿತ್ತು. ಅಂಕಿ ಓದದೆ ಅಸಲಿಯೋ ನಕಲಿಯೋ, ಮೊದಲ ಸಾಲಿನದೋ ಆಮೇಲಿನದೋ ಹೇಳುವುದು ಹೇಗೆ? ಮರುದಿನ ಮಾಮಿಯ ಮನೆಗೆ ಹೋದೆ.

"ಎಂತಕ್ಕೆ ಕೀ? ನಿನ್ನ ಜಿರಳೆ ಅಲ್ಲಿಯೂ ಉಂಟಾ?" ಎಂದರು. ಕಾಲುಗಳನ್ನು ನೋಡಿ ಚಿಪ್‌ಗಳಿಗೆ ಅವರಿಟ್ಟ ಹೆಸರು ಅದು.

"ಐದೇ ನಿಮಿಷ ಮಾಮಿ, ಪಾತ್ತುಟ್ಟು ಬಂದ್ಬಿಡ್ತೀನಿ," ನೋಡಿ ಬರುತ್ತೇನೆಂದು ತಮಿಳು ಬೆರೆಸಿ ಹೇಳಿದೆ.

ಸ್ವಿಚ್ ಆರಿಸಿ ಉಗುರಿನಿಂದ ಸ್ಟಿಕ್ಕರ್ ಎಬ್ಬಿಸಿದೆ. ಮೊದಲ ಸಾಲಿನದೇ. ಕಿಟಕಿಯೊಳಗೆ ಸಾಸಿವೆಗಿಂತ ತುಸು ದೊಡ್ಡ ಸಿಲಿಕಾನ್ ಚೂರು ಹೊಳೆಯಿತು. ಫೋಟೋ ತೆಗೆದು ಸ್ಟಿಕ್ಕರನ್ನು ಮತ್ತೆ ಒತ್ತಿದೆ. ಅಂಟು ಸತ್ತಿತ್ತು, ನಿಲ್ಲುವುದಿಲ್ಲವೆಂದು ನನಗೆ ಗೊತ್ತಾಯಿತು. ಹಿಂದಿನ ಬಿರುಗಾಳಿಗೆ ಕೋಣೆಯ ಪಡುವಣ ಕಿಟಕಿಯ ಗಾಜು ಒಡೆದುಹೋಗಿ ಮಧ್ಯಾಹ್ನದ ಬಿಸಿಲು ನೇರ ಬೋರ್ಡಿನ ಮೇಲೆ ಬೀಳುತ್ತಿದ್ದದ್ದನ್ನೂ ನೋಡಿದೆ. ನಾಳೆ ಕರಿ ಟೇಪು ತಂದು ಅಂಟಿಸಿದರಾಯಿತು ಎಂದುಕೊಂಡು ಇಳಿದುಬಂದೆ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನನ್ನ ಮನೆಯಾದರೂ ಹಾಳಾಗಿದ್ದರೆ ನ್ಯಾಯವಿತ್ತು. ಆ ಸಂಜೆ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತ ಕೂತವಳು ಟೇಪನ್ನು ಮರೆತೇಬಿಟ್ಟೆ.

ಇಲ್ಲಿನವರು ಕತ್ತರಿ ಬಿಸಿಲು ಎನ್ನುವ ಮೇ ತಿಂಗಳ ಕಡುಬೇಸಗೆಯ ದಿನಗಳು ಬಂದವು. ಒಂದು ಮಧ್ಯಾಹ್ನ ಲಿಫ್ಟು ಎರಡನೆಯ ಮಹಡಿಯಲ್ಲಿ ನೆಲಕ್ಕೆ ಸಮನಾಗಿ ನಿಲ್ಲದೆ ಎರಡು ಬೆರಳು ಕೆಳಗೆ ನಿಂತಿತು. ಯಾರೂ ಗಮನಿಸಲಿಲ್ಲ. ನನಗೆ ಮಾತ್ರ ಮರೆತ ಟೇಪು ನೆನಪಾಯಿತು. ಮಾಮಿಯ ಮನೆಯಿಂದ ಮತ್ತೆ ಬೀಗದಕೈ ತಂದು ಮೇಲೆ ಹೋದೆ. ಸ್ಟಿಕ್ಕರ್ ಸುರುಳಿ ಸುತ್ತಿಕೊಂಡು ನೆಲದ ಮೇಲೆ ಬಿದ್ದಿತ್ತು. ಚಿಪ್ಪಿನ ಬೆತ್ತಲೆ ಕಿಟಕಿಯೊಳಗೆ ಬಿಸಿಲು ತುಂಬಿತ್ತು. ಟೇಪು ಅಂಟಿಸಿದೆ. ಆದರೆ ಅಳಿಸಿಹೋದ ಪ್ರೋಗ್ರಾಮಿನ ಅಕ್ಷರಗಳು ಟೇಪಿಗೆ ಹೆದರಿ ವಾಪಸು ಬರುವುದಿಲ್ಲ. ಇನ್ನು ಕೆಲವು ಅರ್ಧಂಬರ್ಧ ಮಾಸಿ ಕೂತಿದ್ದವು, ಕೋಣೆಯ ಕಾವಿಗೆ ಒಂದೊಂದೇ ಜಾರುತ್ತಿದ್ದವು. ಆ ಮೊದಲ ದಿನವೇ ಚಿಪ್ ಕಿತ್ತು ಮನೆಗೆ ತಂದು, ಅರ್ಧ ಗಂಟೆಯಲ್ಲಿ ಪ್ರೋಗ್ರಾಮಿನ ನಕಲು ತೆಗೆದಿಡಬಹುದಿತ್ತು. ಅದಕ್ಕೆ ಬೇಕಾದ ಯಂತ್ರ ನನ್ನ ಮೇಜಿನ ಮೇಲೆಯೇ ಇದೆ. ಬಿದ್ದಿದ್ದ ಸ್ಟಿಕ್ಕರನ್ನು ಹೆಕ್ಕಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಇಳಿದೆ. ಅಲ್ಲಿಯವರೆಗಿನದು ಮರೆವು. ಆ ಗಂಟು ಮರೆವಲ್ಲ.

ಮುಂದಿನ ವಾರ ನಾಲ್ಕು ಬೆರಳು. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ನಾನು ಯಾರಿಗೂ ಕಾಣದಂತೆ ಬಗ್ಗಿ ಕೈಯಿಟ್ಟು ಅಳೆಯುತ್ತಿದ್ದೆ. ಒಮ್ಮೊಮ್ಮೆ ಕೆಳಗೆ, ಒಮ್ಮೊಮ್ಮೆ ಮೇಲೆ. ಯಾರೂ ಒತ್ತದೆ ಅದು ತಾನಾಗಿ ಮೂರನೆಯ ಮಹಡಿಗೆ ಹೋಗಿ ಬಾಗಿಲು ತೆರೆದು ಕಾಯುತ್ತಿತ್ತು. ಮೆಕ್ಯಾನಿಕ್ ಬಂದು, "ಸೆನ್ಸಾರ್ ಪ್ರಾಬ್ಲಂ ಮಾ" ಎಂದು ಸೆನ್ಸಾರ್ ಬದಲಿಸಿದ. ಮತ್ತೆ ಬಂದು ರಿಲೇ ಬದಲಿಸಿದ. ಕರಿ ಟೇಪಿನ ಅಡಿಯಲ್ಲಿ ಏನಿದೆ ಎಂದು ಅವನು ನೋಡಲಿಲ್ಲ, ನಾನು ಹೇಳಲಿಲ್ಲ. ಮಾಮಿಗೆ ಮಾತ್ರ, "ನೋಡಿ ಇಳೀರಿ ಮಾಮಿ, ಸ್ವಲ್ಪ ದಿನ ಬೀಚು ಬೇಡ" ಎಂದೆ.

"ನೀನು ಬೇಕಾದರೆ ಒಳಗೆ ಕೂತ್ಕೋ. ನನಗೆ ಇನ್ನೆಷ್ಟು ದಿನ ಉಂಟು?" ಎಂದರು.

ಅಸೋಸಿಯೇಷನ್ನಿನ ಮೀಟಿಂಗ್ ಕರೆದರು. ಎರಡು ವಾರದಲ್ಲಿ ಪೂರ್ತಿ ಹೊಸ ಕಂಟ್ರೋಲ್ ಪೆಟ್ಟಿಗೆ ಹಾಕಿಸುವುದು, ಹಳೆಯದನ್ನು ಗುಜರಿಗೆ ಕೊಡುವುದು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಲಿಫ್ಟ್ ನಿಲ್ಲಿಸೋಣವೇ ಎಂದು ಸೆಕ್ರೆಟರಿ ಕೇಳಿದರು. ಮೇಲಿನ ಮಹಡಿಯವರಿಗೆ ಕಷ್ಟ, ಹೇಗೋ ಓಡುತ್ತಿದೆಯಲ್ಲ, ಓಡಲಿ ಎಂದರು ಕೆಲವರು. ಎಲ್ಲರೂ ನನ್ನ ಮುಖ ನೋಡಿದರು, ಎಲೆಕ್ಟ್ರಾನಿಕ್ಸ್ ಟೀಚರ್ ಅಲ್ಲವೇ ನಾನು. ನಿಲ್ಲಿಸಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಬೀಗ ತೆಗೆದವರು ಯಾರು ಎನ್ನುತ್ತಾರೆ. ನಾಚಿಕೆಯೇ ನನ್ನ ಬಾಯಿ ಕಟ್ಟಿತು ಎಂದು ಹೇಳಿಕೊಂಡರೆ ಅದೂ ಪೂರ್ತಿ ನಿಜವಲ್ಲ. ಗುಜರಿ ಎಂಬ ಮಾತು ಕಿವಿಗೆ ಬಿದ್ದಾಗ ನನ್ನ ಮನಸ್ಸು ಹಿಗ್ಗಿತ್ತು. ಎರಡೇ ವಾರ, ಆಮೇಲೆ ಅದು ನನ್ನದು.

"ಪರವಾಯಿಲ್ಲ, ಹುಷಾರಾಗಿ ಹತ್ತಿಳಿದರೆ ಸಾಕು" ಎಂದೆ.

ಹನ್ನೊಂದನೆಯ ದಿನ, ಸಂಜೆ ಐದರ ಹೊತ್ತಿಗೆ ಕಾಫಿ ಬೆರೆಸುತ್ತಿದ್ದೆ. ಲಿಫ್ಟು ನಮ್ಮ ಮಹಡಿಯನ್ನು ದಾಟಿ ಇಳಿದ ಸದ್ದು ಕೇಳಿತು. ಕೆಳಗೆ ಬಾಗಿಲು ತೆರೆಯಿತು. ಮೊದಲು ಕೋಲು ಬಿದ್ದ ಶಬ್ದ. ಕೋಲಿನ ಹಿಂದೆ ಬಂದ ಇನ್ನೊಂದು ಶಬ್ದವನ್ನು ನಾನು ಬರೆಯಲಾರೆ. ಮೆಟ್ಟಿಲಿಳಿದು ಓಡಿದೆ. ಲಿಫ್ಟು ನೆಲದಿಂದ ಒಂದು ಗೇಣು ಮೇಲೆ ನಿಂತಿತ್ತು. ಅವರ ಮಗಳನ್ನು ಕೂಗುವ ಮೊದಲು, ಮಾಮಿಯ ತಲೆ ಹಿಡಿದೆತ್ತುವ ಮೊದಲು, ನನ್ನ ಕಣ್ಣು ಆ ಗೇಣನ್ನು ಅಳೆದಿತ್ತು.

ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಯಿತು. ಇನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸಿದರೆ ಅದೇ ದೊಡ್ಡದು ಎಂದರು ಡಾಕ್ಟರು.

ಹೊಸ ಪೆಟ್ಟಿಗೆ ಬಂತು. ಮೆಕ್ಯಾನಿಕ್ ನನ್ನ ಹುಚ್ಚು ಬಲ್ಲವನು, ಹಳೆಯ ಬೋರ್ಡಿನಿಂದ ಚಿಪ್ ಕಿತ್ತು ತಾನಾಗಿ ಮನೆಗೆ ತಂದುಕೊಟ್ಟ. ಒಂದು ಕಾಲೂ ಸೊಟ್ಟಗಾಗಿರಲಿಲ್ಲ. ಅದನ್ನು ನನ್ನ ಸಂಗ್ರಹದ ಪೆಟ್ಟಿಗೆಯಲ್ಲಿ ಮಿಕ್ಕವುಗಳ ಜೊತೆ ಇಡಲು ಕೈ ಬರಲಿಲ್ಲ. ಬಿಸಾಡಲೂ ಬರಲಿಲ್ಲ. ಕೈಚೀಲದಲ್ಲಿ ಹಾಕಿಕೊಂಡು ತಿರುಗಿದೆ.

ಮಾಮಿ ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ. ಮಗಳು ಕಾಫಿ ತರಲು ಒಳಗೆ ಹೋದಳು. ಮಂಚದಿಂದ ಕಾಣುವುದು ಪಕ್ಕದ ಕಟ್ಟಡದ ಗೋಡೆ, ಅಷ್ಟೇ. ಐದು ಗಂಟೆಯಾಗಿತ್ತು.

"ಮಾಮಿ, ನಿಮಗೆ ಒಂದು ವಿಷಯ ಹೇಳ್ಬೇಕು" ಎಂದೆ.

"ಸೆಕ್ರೆಟರಿ ಬಂದಿದ್ದ" ಎಂದರು ಅವರು. "ಲಿಫ್ಟಿನ ಕೋಣೆಯಲ್ಲಿ ಯಾರೋ ಕರಿ ಟೇಪು ಹಚ್ಚಿ ಕೈ ಆಡಿಸಿದ್ದಾರಂತೆ, ಕೀ ಯಾರಾದರೂ ತಕೊಂಡು ಹೋಗಿದ್ರಾ ಅಂತ ಕೇಳಿದ. ಯಾರೂ ಇಲ್ಲ ಅಂದೆ. ನೀನು ಎರಡು ಸರ್ತಿ ಬಂದದ್ದು ನನಗೆ ನೆನಪುಂಟು."

ನಾನು ಅತ್ತೆ. ಅವರು ನನ್ನ ಕೈ ಹಿಡಿಯಲಿಲ್ಲ, ಬಿಡು ಎನ್ನಲೂ ಇಲ್ಲ. ಅತ್ತು ಮುಗಿಯಲಿ ಎಂದು ಕಾದರು.

"ಆ ಜಿರಳೆ ಸಿಕ್ಕಿತಾ ನಿನಗೆ?"

ಕೈಚೀಲ ನನ್ನ ಮಡಿಲಲ್ಲೇ ಇತ್ತು.

"ಸಿಕ್ತು ಮಾಮಿ."

"ಸರಿ ಹಾಗಾದರೆ" ಎಂದು ಅವರು ಮುಖವನ್ನು ಗೋಡೆಯ ಕಡೆ ಮಾಡಿದರು. "ಇನ್ನು ಈ ಮನೆಗೆ ಕೀ ಕೇಳ್ಲಿಕ್ಕೆ ಬರ್ಬೇಡ."