ಪಾಪಣ್ಣನ ಮೊಳ

ಮದಕರಿಪುರದ ಬೀರಪ್ಪ ಎಂಟನೇ ವಯಸ್ಸಿನಲ್ಲಿ ಕುರಿಯ ಹಿಂದೆ ಓಡಿ ಬಂಡೆಯಿಂದ ಬಿದ್ದಿದ್ದ. ಮುರಿದ ಬಲಗೈ ಸೊಟ್ಟಗೆ, ಗಿಡ್ಡವಾಗಿಯೇ ಕೂಡಿಕೊಂಡಿತು. ಆ ಕೈಯಲ್ಲೇ ಅವನು ಇಪ್ಪತ್ತು ವರ್ಷ ಕಂಬಳಿ ನೇಯ್ದ.

ಚಿತ್ರದುರ್ಗದ ಕಂಬಳಿ ಸಂಘದ ಶೆಡ್ಡಿನಲ್ಲಿ ಅವನ ಪಕ್ಕದ ಮಗ್ಗ ಹೊರಕೆರೆದೇವಪುರದ ಪಾಪಣ್ಣನದು. ಒಂದು ಕಂಬಳಿಗೆ ಎರಡು ಪಟ್ಟಿ. ಆಳಿಗೊಂದರಂತೆ ನೇಯ್ದರೆ ಸಂಘದ ಗಿರಿಯಮ್ಮ ಎರಡನ್ನೂ ಕೂಡಿಸಿ ಹೊಲಿಯುತ್ತಿದ್ದಳು. ಅಳತೆ ಮಾತ್ರ ಯಾವಾಗಲೂ ಪಾಪಣ್ಣನ ಮೊಳದ್ದು.

"ನಿನ್ ಕೈಲಿ ಅಳೆದ್ರೆ ಹೊದ್ಕಂಡೋರ ಕಾಲು ಹೊರಗೇ ಲೇ," ಎನ್ನುತ್ತಾ ಅವನೇ ಎದ್ದು ಬಂದು ಬೀರಪ್ಪನ ಪಟ್ಟಿಗೂ ಮೊಳ ಹಾಕುತ್ತಿದ್ದ. ಬೇರೆ ಯಾರಾದರೂ ಹಾಗೆಂದಿದ್ದರೆ ಬೀರಪ್ಪ ಮುಖ ತಿರುಗಿಸುತ್ತಿದ್ದ.

ಸಾವಿರದ ಒಂಬೈನೂರ ಎಪ್ಪತ್ತಾರರಲ್ಲಿ ಸಂಘ ಶೆಡ್ಡನ್ನು ಬಿಟ್ಟುಕೊಟ್ಟಿತು. ಸಂಘದ್ದೇ ಆದ ಮಗ್ಗಗಳು ನೇಕಾರರ ಊರುಗಳಿಗೆ ಹೋದವು, ನೂಲು ಬಸ್ಸಿನಲ್ಲಿ ಬರತೊಡಗಿತು.

"ಮನ್ಯಾಗೇ ಕುಂತು ನೇಯ್ರಿ, ಆರಾಮ ಐತೆ," ಎಂದರು ಕಾರ್ಯದರ್ಶಿ ಶಿವಕುಮಾರಪ್ಪ.

ಆರಾಮವೇನೋ ಇತ್ತು. ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿಯ ವಾಸನೆಯೂ ಅದೇ. ಆದರೆ ತಲೆಯೆತ್ತಿದರೆ ಪಕ್ಕದಲ್ಲಿ ಗೋಡೆ.

ಮೊದಲ ಸಲ ಪಟ್ಟಿ ಕಳಿಸಿದಾಗಲೇ ಸಂಘದಿಂದ ಇಬ್ಬರಿಗೂ ಕಾಗದ ಬಂತು: ಪಟ್ಟಿಗಳು ಕೂಡುತ್ತಿಲ್ಲ, ಒಂದು ಗೇಣು ಹೆಚ್ಚುಕಡಿಮೆ, ಮತ್ತೆ ಹೀಗಾದರೆ ಮಗ್ಗ ವಾಪಸ್. ಯಾರದು ಕಡಿಮೆ ಎಂದು ಬರೆದಿರಲಿಲ್ಲ. ಕಾಗದ ಓದಿಸಿಕೊಂಡ ಬೀರಪ್ಪ ಪಟ್ಟಿ ಅಳೆದ ತನ್ನ ಗಿಡ್ಡ ಕೈ ನೋಡಿಕೊಂಡ. ಪಾಪಣ್ಣನಿಗೆ ಹೇಳಿಕಳಿಸಲು ನಾಚಿಕೆಯಾಯಿತು. ಸುಮ್ಮನೆ ಮುಂದಿನ ಪಟ್ಟಿಗಳಿಗೆಲ್ಲ ಒಂದೊಂದು ಗೇಣು ಹೆಚ್ಚಿಗೆ ನೇಯ್ದ.

ಎರಡನೇ ಸಲ ಇಬ್ಬರೂ ಪಟ್ಟಿ ಹೊತ್ತು ದುರ್ಗಕ್ಕೆ ಹೋದರು. ಗಿರಿಯಮ್ಮ ಪಟ್ಟಿಗಳನ್ನು ಜೋಡಿಸಿ ಹಾಸಿದಳು. ಈಗ ಪಾಪಣ್ಣನದು ಒಂದು ಗೇಣು ಕಡಿಮೆ.

"ನೀನ್ಯಾಕೋ ಕಮ್ಮಿ ಮಾಡ್ದೆ?" ಎಂದು ಬೀರಪ್ಪ ಕೇಳಿದ.

"ನಿನ್ ಪಟ್ಟಿಗೆ ಸಮ ಆಗ್ಲಿ, ನಿನ್ ಕೈ ಸುದ್ದಿ ಆಫೀಸಿನಾಗೆ ಬರೋದು ಬ್ಯಾಡ ಅಂತ," ಎಂದ ಪಾಪಣ್ಣ ಮೆಲ್ಲಗೆ. "ಹೆಚ್ಚಿಗೆ ಹಾಕ್ತಿದೀನಿ ಅಂತ ನೀನು ಒಂದ್ ಮಾತು ಹೇಳಿ ಕಳಿಸಿದ್ರೆ ಆಗ್ತಿರಲಿಲ್ಲೇನಪ್ಪ?"

ಬೀರಪ್ಪ ತನ್ನ ಪಟ್ಟಿಯ ಹೆಚ್ಚಿನ ಗೇಣನ್ನು ಒಳಕ್ಕೆ ಮಡಚಿದ.

ಶಿವಕುಮಾರಪ್ಪ ಕಾರಣ ಕೇಳಿದರು. ಸೊಟ್ಟ ಕೈಯ ಮಾತೆತ್ತದೆ ಅದನ್ನು ಹೇಳುವ ದಾರಿಯಿರಲಿಲ್ಲ. ಪಾಪಣ್ಣ ಹೇಳಲಿಲ್ಲ. ಬೀರಪ್ಪ ಬಲಗೈಯನ್ನು ಬೆನ್ನ ಹಿಂದಕ್ಕೆ ಸರಿಸಿಕೊಂಡ. ವಾರದೊಳಗೆ ಲಾರಿ ಬಂದು ಎರಡೂ ಮಗ್ಗಗಳನ್ನು ಒಯ್ದಿತು.

ಆಮೇಲೆ ಬೀರಪ್ಪ ಬೇರೆಯವರ ಕುರಿ ಕಾಯ್ದ. ಪಾಪಣ್ಣ ಆಗೀಗ ಬಂದು ಕೂರುತ್ತಿದ್ದ. ಕುರಿಯ ಮಾತು, ಮಳೆಯ ಮಾತು ಆಗುತ್ತಿತ್ತು. ಕಂಬಳಿಯ ಸುದ್ದಿ ಹತ್ತಿರ ಬಂದರೆ ಪಾಪಣ್ಣನಿಗೆ ಬಸ್ಸಿನ ಹೊತ್ತಾಗುತ್ತಿತ್ತು.