ಪ್ಯಾಕೆಟ್ಟಿನ ಹಿಂಬದಿ

ಸೂಪರ್‌ಮಾರ್ಕೆಟ್ಟಿನಲ್ಲಿ ಯಾರಾದರೂ ಪ್ಯಾಕೆಟ್ ತಿರುಗಿಸುವ ಚರಚರ ಸದ್ದು ಕೇಳಿದರೆ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲಿ ನನ್ನ ಎದುರುಮನೆಯಲ್ಲಿದ್ದಾಕೆ ನೆನಪಾಗುತ್ತಾಳೆ. ಅವಳ ಪುಟ್ಟ ಮಗಳಿಗೆ ಕಡಲೆಕಾಯಿ ಅಲರ್ಜಿ, ವೆರಿ ಸಿವಿಯರ್. ಪಕ್ಕದ ಸೂಪರ್‌ಮಾರ್ಕೆಟ್ಟಿನಲ್ಲಿ ಕನ್ನಡಕ ಹಣೆಗೇರಿಸಿ, ಪ್ಯಾಕೆಟ್ಟನ್ನು ಮೂಗಿನ ಹತ್ತಿರ ಹಿಡಿದು ಸಣ್ಣಕ್ಷರ ಓದುತ್ತಿದ್ದಳು. “ಮುಂದ್ಗಡೆ ಬರೀ ಮೇಕಪ್ಪು ಆಂಟಿ, ನಿಜ ಎಲ್ಲಾ ಹಿಂದ್ಗಡೆ,” ಎನ್ನುತ್ತಿದ್ದಳು.

ಒಂದು ಸಲ ತಮ್ಮ ಮಗನ ಬರ್ತ್‌ಡೇಗೆ ಕೆಳಗಿನ ಮನೆಯವರು, ಪ್ಯಾಕೆಟ್ ತಿಂಡಿ ಬಗ್ಗೆ ಹುಷಾರು ಎಂಬ ಅವಳ ಮಾತಿಗೆ ಮರ್ಯಾದೆ ಕೊಟ್ಟೇ, ರಿಟರ್ನ್ ಗಿಫ್ಟಿನಲ್ಲಿ ಚಿಪ್ಸ್ ಬದಲು ‘ಹೆಲ್ದಿ’ ರಾಗಿ ಬಾರ್ ಹಾಕಿದ್ದರು. ಹಿಂಬದಿ ಯಾರೂ ಓದಿರಲಿಲ್ಲ. ಅದರಲ್ಲಿ ಕಡಲೆಕಾಯಿ ಇತ್ತು. ಪೂರ್ ಚೈಲ್ಡ್, ಲಿಫ್ಟಿನಲ್ಲೇ ಬಿಚ್ಚಿ ತಿಂದಳು. ಆಸ್ಪತ್ರೆಯಿಂದ ಮರಳಲಿಲ್ಲ.

ಎದುರುಮನೆಯವರು ಮನೆ ಖಾಲಿ ಮಾಡುವ ಮುನ್ನ ಆ ತಾಯಿಯನ್ನು ಕೊನೆಯ ಸಲ ಕಂಡದ್ದು ಅದೇ ಸೂಪರ್‌ಮಾರ್ಕೆಟ್ಟಿನಲ್ಲಿ. ಕೈಗೆ ಸಿಕ್ಕ ಪ್ಯಾಕೆಟ್ಟನ್ನು ತಿರುಗಿಸದೆ ಬುಟ್ಟಿಗೆ ಹಾಕಿಕೊಂಡಳು.

“ಏನಮ್ಮಾ ಅದು?” ಎಂದೆ.

“ಯಾವ್ದಾದ್ರೇನು ಆಂಟಿ, ಇನ್ಮೇಲೆ.”