ಅತ್ತೆಯ ಸೆರಗಿನ ಎಳೆಗೆ ಸಿಕ್ಕ ಟ್ರೌಟ್

ಹಿಮಾಚಲದ ಈ ಹೊಳೆಯಲ್ಲಿ ಟ್ರೌಟ್ ಮೀನಿಗೆ ಎರೆಹುಳ ಹಾಕುವುದಿಲ್ಲ. ಕೊಕ್ಕೆಗೆ ರೇಷ್ಮೆ ದಾರ ಸುತ್ತಿ, ಕೋಳಿಗರಿ ಕಟ್ಟಿ, ನೀರಲ್ಲಿ ಮುಳುಗುವ ಹುಳುವಿನಂತೆ ಮಾಡುತ್ತಾರೆ. ನಮ್ಮ ಗೈಡ್ ಬಂಡೆಯ ಮೇಲೆ ಕೂತು ಕಟ್ಟುತ್ತಿದ್ದಾಗ ದಾರದ ಉಂಡೆ ಜಾರಿ ಹೊಳೆಯ ಪಾಲಾಯಿತು. ಇನ್ನು ಮೀನಿಲ್ಲ ಎಂದು ಹಿಂದಿಯಲ್ಲಿ ಹೇಳಿ ಕೈಯಾಡಿಸಿದ.

ರಾಮನಗರದ ಹತ್ತಿರದ ಕೂಟಗಲ್ಲಿನಲ್ಲಿ ರೇಷ್ಮೆ ಹುಳು ಸಾಕುವ ನಮ್ಮತ್ತೆ ಪ್ರವಾಸಕ್ಕೂ ರೇಷ್ಮೆ ಸೀರೆಯನ್ನೇ ಉಟ್ಟಿದ್ದರು. ಸೆರಗಿನ ಹಳದಿ ಕುಚ್ಚಿನಿಂದ ಎಳೆಯೊಂದನ್ನು ಕಿತ್ತೇಬಿಟ್ಟರು.

“ಅವ್ವಾ, ಇಲ್ಲಿನ ಮೀನಿಗೆ ನಿನ್ ಸೆರಗು ಗೊತ್ತಾ?” ನಮ್ಮವರು ಛೇಡಿಸಿದರು.

“ಸುಮ್ಕಿರ್ಲಾ. ನಮ್ಮೂರ್ ಗೂಡಿನ ನೂಲು ಇದು. ಕಚ್ನಿಲ್ಲ ಅಂದ್ರೆ ಕೇಳು!”

ಗೈಡ್ ಅದನ್ನೇ ಕೊಕ್ಕೆಗೆ ಸುತ್ತಿ ಗಾಳ ಎಸೆದ. ನೀರಿಗೆ ಬಿದ್ದೊಡನೆ ಹಳದಿ ಎಳೆ ಪಾಚಿ ಬಣ್ಣಕ್ಕೆ ತಿರುಗಿತು. ಅತ್ತೆಯ ಮುಖ ಸಪ್ಪಗಾಯಿತು. ಮೀನಿಗೆ ಬೇಕಾದದ್ದು ಇದೇ ಬಣ್ಣ ಎಂದು ಗೈಡ್ ನಕ್ಕ. ಅಷ್ಟರಲ್ಲಿ ಗಾಳದ ಕೋಲು ಬಾಗಿತು!

ಹಿಡಿದ ಮೀನನ್ನು ಬಿಡಬೇಕೆಂಬುದು ಇಲ್ಲಿಯ ನಿಯಮ. ಅತ್ತೆ ತಾವೇ ಬಿಡುತ್ತೇನೆಂದು ಹಟ ಹಿಡಿದರು. ಕೈ ಒದ್ದೆ ಮಾಡಿಕೊಂಡು, ಗೂಡು ಕಟ್ಟುವ ಹುಳುವನ್ನು ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡುವಷ್ಟೇ ಹಗುರಾಗಿ ಆ ಚುಕ್ಕೆಚುಕ್ಕೆಯ ಮೀನನ್ನು ನೀರಿಗಿಳಿಸಿದರು.

“ಹೋಗವ್ವ. ರಾಮನಗರದ ರೇಷ್ಮೆ ಕಚ್ಚಿ ಬಂದೆ ಅಂತ ನಿಮ್ಮೋರ್ಗೆಲ್ಲ ಯೋಳು.”